ಉಪ್ಪು ಕರಗಲು ಎಷ್ಟು ಹೊತ್ತು ಬೇಕು?

ಮೇಲುಕೋಟೆಯ ವಿದ್ವಾಂಸರ ಉಪನ್ಯಾಸವಾಗಲಿ, ಮಂಡ್ಯದ ಬಡಾವಣೆಯೊಂದರ ದೇವಸ್ಥಾನದಲ್ಲಿ ಸಂಜೆ ನಡೆಯುವ ಪ್ರವಚನವಾಗಲಿ, ವೇದಾಂತದ ಮಾತು ಎದ್ದರೆ ಉಪ್ಪಿನ ಕಥೆ ಬರದೇ ಇರುವುದು ಅಪರೂಪ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದ ಕಥೆ ಅದು. ಶ್ವೇತಕೇತು 12 ವರ್ಷ ಗುರುವಿನ ಮನೆಯಲ್ಲಿ ಓದಿ, 24ರ ಹರೆಯದಲ್ಲಿ ಬೀಗುತ್ತ ಮನೆಗೆ ಬಂದಿದ್ದಾನೆ. ಅಪ್ಪ ಉದ್ದಾಲಕ ಅವನ ಕೈಗೆ ಉಪ್ಪು ಕೊಟ್ಟು, ಇದನ್ನು ನೀರಿಗೆ ಹಾಕಿಟ್ಟು ಬೆಳಿಗ್ಗೆ ಬಾ ಎನ್ನುತ್ತಾನೆ. ಬೆಳಗಾಗುತ್ತದೆ. ರಾತ್ರಿ ಹಾಕಿದ ಉಪ್ಪನ್ನು ತಾ ಎಂದರೆ ಹುಡುಗ ನೀರಿನಲ್ಲಿ ತಡಕಾಡುತ್ತಾನೆ, ಸಿಗುವುದಿಲ್ಲ. ಮೇಲಿನ ನೀರು ಕುಡಿ, ಹೇಗಿದೆ? ಉಪ್ಪು. ನಡುವಿನದು? ಉಪ್ಪು. ತಳದ್ದು? ಅದೂ ಉಪ್ಪು. ಕಣ್ಣಿಗೆ ಕಾಣದಿದ್ದರೂ ಎಲ್ಲೆಡೆ ಇರುವ ಆ ಸತ್ತೇ ನೀನು ಎಂದು ಅಪ್ಪ ಪಾಠ ಮುಗಿಸುತ್ತಾನೆ.

ಕೇಳಿದವರು ತಲೆದೂಗುತ್ತಾರೆ. ತಳಕ್ಕೆ ಬಿದ್ದ ಉಪ್ಪು ಮೇಲಿನ ನೀರಿಗೆ ಹತ್ತಿದ್ದು ಹೇಗೆ ಎಂದು ಎದ್ದು ಕೇಳಿದವರು ಕಡಿಮೆ.

ಕೇಳಬೇಕಾದ ಪ್ರಶ್ನೆಯೇ ಅದು. ಉಪ್ಪು ತಾನಾಗಿ ನೀರಿನಲ್ಲಿ ಹರಡುವುದು ಬಹಳ ನಿಧಾನ. ಅಲುಗಾಡದ ನೀರಿನಲ್ಲಿ ಒಂದು ರಾತ್ರಿ ಕಳೆದರೆ ಅದು ಸಾಗುವ ದೂರ ಒಂದೆರಡು ಸೆಂಟಿಮೀಟರ್ ಅಷ್ಟೆ. ಗೇಣೆತ್ತರದ ಪಾತ್ರೆಯಲ್ಲಿ ತಳದಿಂದ ಮೇಲಿನವರೆಗೆ ಸಮನಾಗಿ ಹರಡಲು ತಿಂಗಳುಗಟ್ಟಲೆ ಬೇಕು. ಮೇಲಾಗಿ ಉಪ್ಪುನೀರು ಸಿಹಿನೀರಿಗಿಂತ ಭಾರ, ಆದ್ದರಿಂದ ಕರಗಿದ ಮೇಲೂ ತಳದಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಮದ್ದೂರಿನ ಯಾವ ಮನೆಯಲ್ಲಾದರೂ ಇದನ್ನು ಮಾಡಿ ನೋಡಬಹುದು. ಎತ್ತರದ ಲೋಟದ ನೀರಿಗೆ ಒಂದು ದಪ್ಪ ಕಲ್ಲುಪ್ಪನ್ನು ಮೆಲ್ಲಗೆ ಇಳಿಬಿಟ್ಟು, ಕದಲಿಸದೆ ಇರಿಸಿ, ಬೆಳಿಗ್ಗೆ ಮೇಲಿನ ಒಂದು ಚಮಚ ನೀರನ್ನು ನಾಲಿಗೆಗೆ ಮುಟ್ಟಿಸಿದರೆ ಬಹುಮಟ್ಟಿಗೆ ಸಪ್ಪೆ. ರಾತ್ರಿಯ ತಂಪಿಗೆ ಮೇಲಿನ ನೀರು ಕೊಂಚ ಕೆಳಗಿಳಿದು ಕಲಕಿರಬಹುದು, ಆದರೆ ತಳದ ಭಾರದ ಪದರವನ್ನು ಎಬ್ಬಿಸುವಷ್ಟು ಕಸುವು ಅದಕ್ಕಿಲ್ಲ.

ಹಾಗಾದರೆ ಉಪನಿಷತ್ತು ತಪ್ಪು ಹೇಳಿತೇ? ಇಲ್ಲ. ಉತ್ತರ ಕಥೆಯೊಳಗೇ ಇದೆ. ಹುಡುಗ ತಡಕಾಡಿದನಲ್ಲ! ರುಚಿ ನೋಡುವ ಮೊದಲು ಅವನು ಕೈಯಿಳಿಸಿ ಉಪ್ಪನ್ನು ಹುಡುಕಿದ್ದಾನೆ. ಆ ಕೈ ನೀರಿನಲ್ಲಿ ಸುಳಿಗಳನ್ನು ಎಬ್ಬಿಸಿದೆ. ತಳದ ಉಪ್ಪು ಮೇಲೆ ಬಂದಿದ್ದರೆ ಹೆಚ್ಚಿನ ಪಾಲು ಆ ಹುಡುಕಾಟದಿಂದಲೇ. ಭಾಷ್ಯಕಾರರು ಈ ತಡಕಾಟವನ್ನು ಸಿಗಲಿಲ್ಲ ಎಂಬ ಮಾತಿಗೆ ಪೀಠಿಕೆಯಾಗಿ ಓದುತ್ತಾರೆ. ಭೌತಶಾಸ್ತ್ರದ ಕಣ್ಣಿಗೆ ಪ್ರಯೋಗದ ಮುಖ್ಯ ಹಂತವೇ ಅದು.

ಇದನ್ನು ಬರಿಯ ತಮಾಷೆ ಎಂದು ತಳ್ಳಿಹಾಕುವಂತಿಲ್ಲ. ಜೀವ ಬ್ರಹ್ಮದಲ್ಲಿ ಸೇರುವುದೆಂದರೆ ಏನು, ಸೇರಿದ ಮೇಲೆ ತನ್ನತನ ಉಳಿಯುತ್ತದೆಯೇ ಅಳಿಯುತ್ತದೆಯೇ ಎಂಬ ಜಗಳದಲ್ಲಿ ಎಲ್ಲ ಪಕ್ಷದವರೂ ಉಪ್ಪನ್ನೂ ನದಿಯನ್ನೂ ಸಮುದ್ರವನ್ನೂ ಸಾಕ್ಷಿಗೆ ಕರೆದಿದ್ದಾರೆ. ಸಾಕ್ಷಿಯನ್ನು ಕರೆದ ಮೇಲೆ ಅದು ಹೇಳುವುದನ್ನು ಪೂರ್ತಿ ಕೇಳಬೇಡವೇ?

ಬೃಹದಾರಣ್ಯಕದಲ್ಲೂ ಉಪ್ಪು ಬರುತ್ತದೆ. ಮನೆ ಬಿಟ್ಟು ಹೊರಟ ಯಾಜ್ಞವಲ್ಕ್ಯ ಹೆಂಡತಿ ಮೈತ್ರೇಯಿಗೆ, ನೀರಿಗೆ ಎಸೆದ ಉಪ್ಪಿನ ಗಟ್ಟಿ ಕರಗಿದರೆ ಮತ್ತೆ ಎತ್ತಿಕೊಳ್ಳಲಾಗದು, ಎಲ್ಲಿ ಮೊಗೆದರೂ ಉಪ್ಪೇ, ಹಾಗೆಯೇ ಈ ಮಹಾಭೂತ ಎನ್ನುತ್ತಾನೆ. ಹೋದ ಮೇಲೆ ಅರಿವು ಇರುವುದಿಲ್ಲ ಎಂದೂ ಸೇರಿಸುತ್ತಾನೆ. ಮೈತ್ರೇಯಿ ತಬ್ಬಿಬ್ಬಾಗುತ್ತಾಳೆ. ನನ್ನನ್ನು ಗೊಂದಲಕ್ಕೆ ಕೆಡವಿಬಿಟ್ಟಿರಿ ಎಂದು ನೇರವಾಗಿ ಹೇಳಿಯೇಬಿಡುತ್ತಾಳೆ. ಆ ಗೊಂದಲ ನ್ಯಾಯವಾದದ್ದು. ಅದು ಎಷ್ಟು ನ್ಯಾಯವಾದದ್ದೆಂದರೆ ಬ್ರಹ್ಮಸೂತ್ರದ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಇದೇ ಪ್ರಸಂಗಕ್ಕಾಗಿ ಮೂವರು ಹಳೆಯ ಆಚಾರ್ಯರನ್ನು ಸಾಲಾಗಿ ನಿಲ್ಲಿಸಲಾಗಿದೆ. ಆಶ್ಮರಥ್ಯನ ಪ್ರಕಾರ ಜೀವ ಬ್ರಹ್ಮಕ್ಕಿಂತ ಬೇರೆಯೂ ಹೌದು, ಅಲ್ಲವೂ ಹೌದು. ಔಡುಲೋಮಿಯ ಪ್ರಕಾರ ಈಗ ಬೇರೆ, ದೇಹ ಬಿಟ್ಟು ಹೊರಡುವಾಗ ಒಂದಾಗುತ್ತದೆ. ಕಾಶಕೃತ್ಸ್ನನ ಪ್ರಕಾರ ಬ್ರಹ್ಮವೇ ಜೀವವಾಗಿ ನೆಲೆಸಿದೆ.

ಶಂಕರರು ಹಿಡಿದದ್ದು ಕಾಶಕೃತ್ಸ್ನನ ಪಕ್ಷವನ್ನು. ರಾಮಾನುಜರು ಹಿಡಿದದ್ದೂ ಅವನನ್ನೇ, ಅರ್ಥ ಮಾತ್ರ ಬೇರೆ. ಶಂಕರರ ಪಾಲಿಗೆ ನೆಲೆಸಿದೆ ಎಂದರೆ ಎರಡಿಲ್ಲ ಎಂದರ್ಥ. ರಾಮಾನುಜರ ಪಾಲಿಗೆ ಒಳಗಿನ ಆತ್ಮವಾಗಿ ನೆಲೆಸಿದೆ, ಜೀವ ಅದಕ್ಕೆ ಶರೀರ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ರಾಮಾನುಜರು ಈ ಸೀಮೆಗೆ ಬಂದು, ತೊಣ್ಣೂರಿನಲ್ಲಿದ್ದು, ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆಯನ್ನು ನೆಲೆಗೊಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಮುಕ್ತನಾದ ಮೇಲೂ ‘ನಾನು’ ಅಳಿಯದು ಎಂಬ ಅವರ ಸಿದ್ಧಾಂತಕ್ಕೆ ಮಂಡ್ಯ ಜಿಲ್ಲೆಯಲ್ಲಿ ಒಂದು ಬೆಟ್ಟವೇ ಆಸರೆ. ಔಡುಲೋಮಿಯನ್ನಂತೂ ಇಬ್ಬರೂ ಬದಿಗೆ ಸರಿಸಿದರು. ಈಗ ಬೇರೆ, ಆಮೇಲೆ ಒಂದು ಎನ್ನುವವನು ಇಬ್ಬರಿಗೂ ಬೇಡವಾದ.

ಈಗ ಸಮುದ್ರದ ಸಾಕ್ಷಿ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಮದ್ದೂರಿನ ಮಗ್ಗುಲಲ್ಲಿ, ವೈದ್ಯನಾಥಪುರದ ದೇವಸ್ಥಾನದ ಬುಡದಲ್ಲಿ ಹರಿದು, ಮಳವಳ್ಳಿ ತಾಲ್ಲೂಕಿನಲ್ಲಿ ಧುಮುಕಿ, ಕಾವೇರಿಯನ್ನು ಕೂಡಿಕೊಂಡು ಹೆಸರು ಕಳೆದುಕೊಳ್ಳುತ್ತದೆ. ಕಾವೇರಿ ಪೂಂಪುಹಾರಿನ ಬಳಿ ತನ್ನ ಹೆಸರನ್ನೂ ಕಳೆದುಕೊಳ್ಳುತ್ತದೆ. ನದಿಗಳು ಸಮುದ್ರ ಸೇರಿ, ನಾನು ಇಂಥ ನದಿ ಎಂಬುದನ್ನು ಮರೆಯುತ್ತವೆ ಎಂದು ಉದ್ದಾಲಕ ಮಗನಿಗೆ ಉಪ್ಪಿನ ಪಾಠಕ್ಕೂ ಮೊದಲೇ ಹೇಳಿದ್ದ. ನದಿ ಒಯ್ಯುವುದು ಬರಿಯ ನೀರನ್ನಲ್ಲ, ಬಂಡೆ ಸವೆದು ಕರಗಿದ ಲವಣವನ್ನೂ. ನಾಲಿಗೆಗೆ ತಾಗದಷ್ಟು ಅಲ್ಪ. ನಡುದಾರಿಯಲ್ಲಿ ನೀರು ಇಂಗಿ ಆರಿದರೆ ಅದು ಕಣ್ಣಿಗೂ ಬೀಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಬಸಿಗಾಲುವೆ ಕೆಟ್ಟ ಕಡೆ ಗದ್ದೆಯ ಮೇಲೆ ಬಿಳಿಯ ಚೌಳು ಏಳುವುದನ್ನು ರೈತರು ಬಲ್ಲರು. ಬೆಳೆ ನೀರನ್ನು ಹೀರಿತು, ಉಪ್ಪನ್ನು ಬಿಟ್ಟಿತು. ಸಮುದ್ರದಲ್ಲಿ ಕೋಟ್ಯಂತರ ವರ್ಷ ನಡೆದದ್ದೂ ಇದೇ: ಬಿಸಿಲು ನೀರನ್ನು ಎತ್ತಿಕೊಂಡು ಹೋಯಿತು, ಉಪ್ಪನ್ನು ಬಿಟ್ಟಿತು.

1872ರಿಂದ 1876ರವರೆಗೆ ಬ್ರಿಟನ್ನಿನ ಚಾಲೆಂಜರ್ ಹಡಗು ಲೋಕದ ಕಡಲುಗಳನ್ನು ಸುತ್ತಿ ನೀರು ತುಂಬಿಕೊಂಡು ಬಂತು. ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ಅದರಲ್ಲಿ 77 ಮಾದರಿಗಳನ್ನು ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಎಲ್ಲಿಂದ ತಂದ ನೀರಾದರೂ ಅದರಲ್ಲಿ ಸೋಡಿಯಂ, ಕ್ಲೋರೈಡ್, ಮೆಗ್ನೀಸಿಯಂ, ಸಲ್ಫೇಟುಗಳ ಪರಸ್ಪರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಸಮುದ್ರಕ್ಕೆ ಒಂದೇ ರುಚಿ, ನನ್ನ ಧರ್ಮಕ್ಕೂ ಒಂದೇ ರುಚಿ ಎಂಬ ಅರ್ಥದ ಮಾತನ್ನು ಬುದ್ಧ ಹೇಳಿದನೆಂದು ಪಾಳಿ ಗ್ರಂಥಗಳಲ್ಲಿದೆ. ಡಿಟ್ಮಾರ್ ಅದಕ್ಕೆ ರಸಾಯನಶಾಸ್ತ್ರದ ಮುದ್ರೆ ಒತ್ತಿದಂತಾಯಿತು.

ಆದರೆ ರುಚಿ ಒಂದಾದರೂ ಖಾರ ಒಂದಲ್ಲ. ಸರಾಸರಿ ಒಂದು ಕಿಲೋ ಸಮುದ್ರದ ನೀರಿನಲ್ಲಿ 35 ಗ್ರಾಂ ಉಪ್ಪು. ಅರಬ್ಬಿ ಸಮುದ್ರದ ಮೇಲ್ಪದರದಲ್ಲಿ ಸುಮಾರು 36, ಮೆಡಿಟರೇನಿಯನ್‌ನಲ್ಲಿ 38, ಕೆಂಪು ಸಮುದ್ರದಲ್ಲಿ 40ರ ಆಸುಪಾಸು. ಬಾಲ್ಟಿಕ್‌ನ ಬಹುಭಾಗದಲ್ಲಿ 10ಕ್ಕೂ ಕಡಿಮೆ. ಗಂಗಾ, ಬ್ರಹ್ಮಪುತ್ರ, ಇರಾವತಿಗಳ ಸಿಹಿನೀರು ಬಂದು ಬೀಳುವ ಬಂಗಾಳ ಕೊಲ್ಲಿಯ ಉತ್ತರಭಾಗದಲ್ಲಿ ಮಳೆಗಾಲದ ಹೊತ್ತಿಗೆ 30ಕ್ಕಿಂತ ಕೆಳಗಿಳಿಯುವುದೂ ಉಂಟು. ಉದ್ದಾಲಕನ ಪಾತ್ರೆಯಲ್ಲಿ ಮೇಲೆ, ನಡುವೆ, ತಳದಲ್ಲಿ ಉಪ್ಪು ಒಂದೇ ಆಗಿತ್ತು. ಲೋಕದ ದೊಡ್ಡ ಪಾತ್ರೆಯಲ್ಲಿ ಇಂದಿಗೂ ಹಾಗಾಗಿಲ್ಲ.

ಆಗುವ ಬಗೆಯಾದರೂ ಏನು? ತಾನಾಗಿ ಹರಡಲಿ ಎಂದು ಬಿಟ್ಟರೆ, ಸರಾಸರಿ 3,700 ಮೀಟರ್ ಆಳದ ಕಡಲಿನಲ್ಲಿ ತಳದ ಉಪ್ಪು ಮೇಲಿನವರೆಗೆ ಸಮನಾಗಲು 10 ಕೋಟಿ ವರ್ಷಕ್ಕೂ ಹೆಚ್ಚು ಬೇಕು. ವಾಸ್ತವದಲ್ಲಿ ಮಹಾಸಾಗರಗಳು ಒಂದು ಸಾವಿರ ವರ್ಷದ ಸುಮಾರಿಗೆ ಒಮ್ಮೆ ಮೇಲೆಕೆಳಗಾಗಿ ಬೆರೆಯುತ್ತವೆ. ಹತ್ತು ಕೋಟಿಯನ್ನು ಸಾವಿರಕ್ಕೆ ಇಳಿಸಿದ್ದು ಗಾಳಿ, ಉಬ್ಬರವಿಳಿತ, ಪ್ರವಾಹ ಮತ್ತು ಸುಳಿಗಳು. ಶ್ವೇತಕೇತುವಿನ ಕೈಯ ಕೆಲಸವನ್ನು ಅಲ್ಲಿ ಅವು ಮಾಡುತ್ತಿವೆ.

ಸುಳಿ ಎಂದರೆ ಮುತ್ತತ್ತಿಯ ಮಡುವಿನಲ್ಲಿ ಈಜುಗಾರರನ್ನು ಎಳೆಯುವ ಸುಳಿಯಲ್ಲ. ಕಡಲ ಸುಳಿ ಹತ್ತಾರು ಕಿಲೋಮೀಟರ್‌ನಿಂದ ಕೆಲವು ನೂರು ಕಿಲೋಮೀಟರ್ ಅಗಲದ್ದು. ಮಂಡ್ಯ ಜಿಲ್ಲೆಯನ್ನು ಇಡಿಯಾಗಿ ಒಳಗಿಟ್ಟುಕೊಂಡು ತಿರುಗಬಲ್ಲದು. ಮೇಲೆ ಹಡಗಿನಲ್ಲಿ ನಿಂತವನಿಗೆ ಗೊತ್ತೂ ಆಗುವುದಿಲ್ಲ. ಉಪಗ್ರಹಗಳು ಸಮುದ್ರದ ಮೇಲ್ಮೈ ಕೆಲವು ಸೆಂಟಿಮೀಟರ್ ಉಬ್ಬಿದ್ದನ್ನೋ ತಗ್ಗಿದ್ದನ್ನೋ ಅಳೆದು ಅದನ್ನು ಪತ್ತೆಹಚ್ಚುತ್ತವೆ. ಇಂಥ ಸುಳಿಗೆ ಒಂದು ವಿಚಿತ್ರ ಗುಣವಿದೆ. ಅದು ಮುಂದೆ ಸಾಗುವ ವೇಗಕ್ಕಿಂತ ತನ್ನ ಸುತ್ತ ತಾನು ತಿರುಗುವ ವೇಗ ಹೆಚ್ಚಾಗಿದ್ದರೆ ಒಳಗಿನ ನೀರು ಹೊರಗೆ ಹೋಗಲಾಗದೆ ಸೆರೆಯಾಗುತ್ತದೆ. ಹುಟ್ಟಿದ ಕಡಲಿನ ಉಪ್ಪು, ಶಾಖ ಎಲ್ಲವನ್ನೂ ಹೊತ್ತುಕೊಂಡು ಇನ್ನೊಂದು ಕಡಲಿನ ನಡುವೆ ಅದು ಹೊರಗಿನವನಂತೆ ಸಾಗುತ್ತದೆ. ತನ್ನ ಸುತ್ತ ತಾನೇ ಸುತ್ತುವುದರಿಂದ ತನ್ನತನ ಉಳಿಯುತ್ತದೆ! ಅಹಂಕಾರದ ಮೇಲೆ ಪ್ರವಚನ ಮಾಡುವವರಿಗೆ ಇಂಥ ಮಾತು ಸಿಕ್ಕರೆ ಬಿಟ್ಟಾರೆಯೇ?

ಇದರ ದೊಡ್ಡ ನಿದರ್ಶನ ಆಫ್ರಿಕದ ದಕ್ಷಿಣ ತುದಿಯಲ್ಲಿದೆ. ಹಿಂದೂ ಮಹಾಸಾಗರದ ಬೆಚ್ಚನೆಯ, ಉಪ್ಪು ಹೆಚ್ಚಿರುವ ನೀರು ಅಗುಲ್ಹಾಸ್ ಪ್ರವಾಹವಾಗಿ ಆಫ್ರಿಕದ ಪೂರ್ವ ಕರಾವಳಿಗುಂಟ ಇಳಿದು, ತುದಿ ದಾಟಿದೊಡನೆ ಸರಕ್ಕನೆ ಹಿಂದಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ವರ್ಷಕ್ಕೆ ಕೆಲವು ಸಲ ಒಂದೊಂದು ಬಳೆ ಕಳಚಿಕೊಳ್ಳುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರ್ ಅಗಲದ ಆ ಬಳೆಗಳು ದಿನಕ್ಕೆ ನಾಲ್ಕಾರು ಕಿಲೋಮೀಟರ್‌ನಂತೆ ಅಟ್ಲಾಂಟಿಕ್ ದಾಟುತ್ತ ವರ್ಷಗಟ್ಟಲೆ ಬದುಕುತ್ತವೆ. ನಮ್ಮ ಸಾಗರದ ಉಪ್ಪು ಆ ಸಾಗರಕ್ಕೆ ಹೋಗುವ ಮುಖ್ಯ ದಾರಿ ಇದು. ಹಾಗೆ ಹೋದ ಉಪ್ಪಿನ ಒಂದು ಪಾಲು ಉತ್ತರ ಅಟ್ಲಾಂಟಿಕ್‌ವರೆಗೂ ತಲುಪುತ್ತದೆ. ಅಲ್ಲಿ ತಣ್ಣಗಾದ ಉಪ್ಪುನೀರು ಭಾರದಿಂದ ಆಳಕ್ಕೆ ಮುಳುಗಿ ಲೋಕದ ಕಡಲುಗಳ ಮಹಾ ಪರಿಚಲನೆಗೆ ಒತ್ತು ಕೊಡುತ್ತದೆ. ಎಲ್ಲೆಡೆ ಉಪ್ಪೂ ಶಾಖವೂ ಒಂದೇ ಆಗಿಬಿಟ್ಟಿದ್ದರೆ ಆ ಪರಿಚಲನೆ ಇರುತ್ತಿರಲಿಲ್ಲ.

ಇನ್ನೊಂದು ಕಥೆ ಮೆಡಿಟರೇನಿಯನ್ನಿನದು. ಜಿಬ್ರಾಲ್ಟರ್ ದಾಟಿ ಬಂದ ಅದರ ಉಪ್ಪುನೀರು ಅಟ್ಲಾಂಟಿಕ್‌ನಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಮಸೂರದಾಕಾರದ ಸುಳಿಗಳಾಗಿ ತೇಲುತ್ತದೆ. ವಿಜ್ಞಾನಿಗಳು 1984ರಿಂದ 1986ರವರೆಗೆ ಅಂಥ ಒಂದು ಸುಳಿಯ ಬೆನ್ನು ಹತ್ತಿದರು. ಅದಕ್ಕೊಂದು ಹೆಸರನ್ನೂ ಇಟ್ಟರು, ಶರಾನ್ ಎಂದು. ನದಿಗಳು ಹೆಸರು ಕಳೆದುಕೊಳ್ಳುವ ಕಡಲಿನಲ್ಲಿ ಒಂದು ಮುದ್ದೆ ಉಪ್ಪುನೀರಿಗೆ ನಾಮಕರಣ! ಶರಾನ್ ಅಂಚಿನಿಂದ ಸವೆಯುತ್ತ ಬಂದಳು. ಬಹುಕಾಲದವರೆಗೆ ನಡುಭಾಗದ ಉಪ್ಪು ಮಾತ್ರ ಮೊದಲಿನಂತೆಯೇ ಇತ್ತು. ಕೊನೆಗೆ ಅದೂ ಸವೆಯಿತು.

ಇಲ್ಲಿ ಅಮೆರಿಕದ ಭೌತವಿಜ್ಞಾನಿ ಕಾರ್ಲ್ ಎಕಾರ್ಟ್ 1948ರಲ್ಲಿ ಮಾಡಿದ ವಿಂಗಡಣೆಯನ್ನು ನೆನೆಯಬೇಕು. ಕಲಕುವುದು ಬೇರೆ, ಬೆರೆಯುವುದು ಬೇರೆ ಎಂದ ಅವನು. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹೊಯ್ದು ಕೈಯಾಡಿಸುವವನನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತಿಳಿ ಮೊದಲು ಎಳೆಎಳೆಯಾಗಿ ಸೀಳಿಕೊಂಡು ಸುತ್ತುತ್ತದೆ, ಅಂಚುಗಳು ಉದ್ದವಾಗುತ್ತವೆ, ಇದು ಅದಲ್ಲ ಎಂಬುದು ಇನ್ನಷ್ಟು ಎದ್ದು ಕಾಣುತ್ತದೆ. ಎಳೆಗಳು ಸಾಕಷ್ಟು ತೆಳುವಾದ ಮೇಲಷ್ಟೇ ಕಣಗಳು ಅತ್ತಿತ್ತ ಹಾಯ್ದು ಭೇದ ಅಳಿಯುತ್ತದೆ. ಕಲಕುವ ಹಂತ ಭೇದವನ್ನು ಹೆಚ್ಚಿಸುತ್ತದೆ, ಬೆರೆಯುವ ಹಂತ ಅದನ್ನು ಅಳಿಸುತ್ತದೆ. ಮೊದಲನೆಯದಿಲ್ಲದೆ ಎರಡನೆಯದು ಬಲು ದೂರ.

ನಮಗೆ ಹತ್ತಿರದ ಸಮುದ್ರದಲ್ಲೂ ಇದೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಅವರ ನೇತೃತ್ವದಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು 2016ರ ಜೂನ್-ಜುಲೈನಲ್ಲಿ ಸಿಂಧು ಸಾಧನ ಹಡಗಿನಲ್ಲಿ ಬಂಗಾಳ ಕೊಲ್ಲಿಯ ದಕ್ಷಿಣಭಾಗಕ್ಕೆ ಹೋದರು. ಬಾಬಲ್ ಎಂದು ಆ ಪ್ರಯೋಗದ ಹೆಸರು. ಮುಂಗಾರಿನ ಹೊತ್ತಿಗೆ ಅರಬ್ಬಿ ಸಮುದ್ರದ ಉಪ್ಪುನೀರು ಶ್ರೀಲಂಕೆಯನ್ನು ಬಳಸಿ ಕೊಲ್ಲಿಗೆ ನುಗ್ಗುತ್ತದೆ. ಕೊಲ್ಲಿಯ ಸಿಹಿನೀರು ಹಗುರ, ಆದ್ದರಿಂದ ಒಳಬಂದ ಉಪ್ಪುನೀರು ಅದರ ಅಡಿಗೆ ಸೇರಿ ಸಾಗುತ್ತದೆ. ಶ್ರೀಲಂಕೆಯ ಪೂರ್ವಕ್ಕೆ ಪ್ರತಿ ಮುಂಗಾರಿನಲ್ಲೂ ಮೂಡುವ ಒಂದು ದೊಡ್ಡ ಸುಳಿ, ಅದರಾಚೆಗೆ ಎದುರು ದಿಕ್ಕಿಗೆ ತಿರುಗುವ ಇನ್ನೊಂದು, ಇವೆರಡರ ನಡುವೆ ಆ ಪ್ರವಾಹ. ಗಂಗೆ, ಬ್ರಹ್ಮಪುತ್ರಗಳು ವರ್ಷ ವರ್ಷ ಇಷ್ಟೊಂದು ಸಿಹಿನೀರು ಸುರಿದರೂ ಕೊಲ್ಲಿ ಸಪ್ಪೆಯಾಗಿಬಿಡದಿರುವುದಕ್ಕೆ ಈ ಒಳದಾರಿಯೂ ಒಂದು ಕಾರಣ.

ಚಳಿಗಾಲದಲ್ಲಿ ಇದು ತಿರುಗುಮುರುಗಾಗುತ್ತದೆ. ಕೊಲ್ಲಿಯ ಸಪ್ಪೆನೀರು ಪೂರ್ವ ಕರಾವಳಿಗುಂಟ ಇಳಿದು, ಶ್ರೀಲಂಕೆಯನ್ನು ಸುತ್ತಿ, ಲಕ್ಷದ್ವೀಪದ ಬಳಿ ಮೂಡುವ ಇನ್ನೊಂದು ಮಹಾಸುಳಿಯ ಕಡೆಗೂ ಪಶ್ಚಿಮ ಕರಾವಳಿಗುಂಟ ಉತ್ತರಕ್ಕೂ ಹರಿಯುತ್ತದೆ. ಕೊಡಗಿನಲ್ಲಿ ಹುಟ್ಟಿ, ಮಗ್ಗುಲಲ್ಲೇ ಇದ್ದ ಪಡುಗಡಲಿಗೆ ಬೆನ್ನು ತಿರುಗಿಸಿ, ಮಂಡ್ಯ ಜಿಲ್ಲೆಗೆ ನೀರುಣಿಸಿ ಮೂಡಲಿಗೆ ಹೋದ ಕಾವೇರಿಯ ಕೆಲವು ಹನಿಗಳು ಹೀಗೆ ಬಳಸಿಕೊಂಡು ಮತ್ತೆ ಪಡುಗಡಲಿಗೆ ಬಂದಿರುತ್ತವೆ. ಆ ಸಪ್ಪೆನೀರಿನ ಬಹುಪಾಲು ದೊಡ್ಡ ನದಿಗಳದ್ದು, ಕೊಲ್ಲಿಯ ಮೇಲೆ ಸುರಿದ ಮಳೆಯದ್ದು. ಅಣೆಕಟ್ಟು, ನಾಲೆ, ಗದ್ದೆಗಳೆಲ್ಲ ಕುಡಿದ ಮೇಲೆ ಕಾವೇರಿಯದ್ದೆಂದು ಉಳಿಯುವುದು ಅಷ್ಟಕ್ಕಷ್ಟೇ.

ಈ ಸಾಕ್ಷಿಯನ್ನು ಮುಂದಿಟ್ಟರೆ ಮೇಲುಕೋಟೆಯ ವಿದ್ವಾಂಸರು ಒಂದು ಆಕ್ಷೇಪವನ್ನು ಎತ್ತಿಯೇ ಎತ್ತುತ್ತಾರೆ: ಉಪ್ಪು ಜಡ, ಜೀವ ಚೇತನ, ದೃಷ್ಟಾಂತವನ್ನು ಎಲ್ಲ ಅಂಶಕ್ಕೂ ಎಳೆಯಬಾರದು. ಶೃಂಗೇರಿಯ ಕಡೆಯವರೂ ಬೇರೆ ದಾರಿಯಿಂದ ಅಲ್ಲಿಗೇ ಬರುತ್ತಾರೆ: ಕರಗಿತು ಎಂಬುದು ನೋಡುವವನ ಮಾತು, ನೀರಿಗೆ ಎಂದೂ ಎರಡಿರಲಿಲ್ಲ. ಎರಡೂ ಸರಿಯಾದ ಎಚ್ಚರಿಕೆಗಳೇ. ಸುಳಿಯಿಂದ ಅದ್ವೈತವೂ ಸಿದ್ಧವಾಗುವುದಿಲ್ಲ, ವಿಶಿಷ್ಟಾದ್ವೈತವೂ ಬಿದ್ದುಹೋಗುವುದಿಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕು. ಒಂದೋ ಎರಡೋ ಎಂದು ಜಗಳವಾಡುವವರು ಕೊನೆಯ ಸ್ಥಿತಿಯನ್ನಷ್ಟೇ ನೋಡಿದರು. ಕಡಲನ್ನು ಕೇಳಿದರೆ ಅದು ಮೊದಲು ಹೇಳುವುದು ಕಾಲದ ಬಗ್ಗೆ, ದಾರಿಯ ಬಗ್ಗೆ. ಆ ಲೆಕ್ಕದಲ್ಲಿ ಕಡಲಿಗೆ ಹತ್ತಿರದವನು ಶಂಕರರೂ ರಾಮಾನುಜರೂ ಕೈಬಿಟ್ಟ ಔಡುಲೋಮಿ.

ದಾರಿಯ ಲೆಕ್ಕ ಈ ಸೀಮೆಗೆ ಹೊಸದೂ ಅಲ್ಲ. ವೀರಶೈವರ ಷಟ್‌ಸ್ಥಲದಲ್ಲಿ ಐಕ್ಯ ಆರನೆಯದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಂತೂ ದಾರಿಯೇ ಕಥೆ. ಮದ್ದೂರು ಸೀಮೆಯ ನಿಡಘಟ್ಟದ ಪಾಂಚಾಳ ಹುಡುಗ ಕೆಂಪಾಚಾರಿಯನ್ನು ಗುರು ಮಂಟೇಸ್ವಾಮಿ ಒಂದೇ ಸಲಕ್ಕೆ ತನ್ನವನನ್ನಾಗಿ ಮಾಡಿಕೊಳ್ಳುವುದಿಲ್ಲ. ಹುಡುಗ ಸಿದ್ದಪ್ಪಾಜಿ ಎನಿಸಿಕೊಂಡ ಮೇಲೂ ಕಬ್ಬಿಣದ ಭಿಕ್ಷೆ ತರಲು ಮಳವಳ್ಳಿ ಸೀಮೆಯ ಹಲಗೂರಿಗೆ, ಅವನ ಕುಲದವರ ಮುಂದಕ್ಕೇ ಕಳಿಸುತ್ತಾನೆ. ಅಲ್ಲಿ ಪಾಂಚಾಳರು ಒಡ್ಡುವ ಪರೀಕ್ಷೆಗಳು ಒಂದೆರಡಲ್ಲ. ಕಲಕುವಾಗ ಭೇದ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಖಾರವಾದ ಪ್ರಸಂಗ ಬೇಕೆ? ಇಷ್ಟಾದ ಮೇಲೂ ಗುರುವಿನ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ, ಶಿಷ್ಯನ ಗದ್ದುಗೆ ಕಾವೇರಿಯಾಚೆಯ ಚಿಕ್ಕಲ್ಲೂರಿನಲ್ಲಿ. ಒಕ್ಕಲಿನವರು ಎರಡಕ್ಕೂ ನಡೆದುಕೊಳ್ಳುತ್ತಾರೆ. ಶಿಷ್ಯನ ಹೆಸರು ಗುರುವಿನ ಹೆಸರಲ್ಲಿ ಕರಗಿಹೋಗಲಿಲ್ಲ.

ಔಡುಲೋಮಿಯ ಗ್ರಂಥ ಯಾವುದೂ ನಮಗೆ ಉಳಿದಿಲ್ಲ. ಬ್ರಹ್ಮಸೂತ್ರದಲ್ಲಿ ಅವನ ಹೆಸರು ಬರುವುದು ಮೂರು ಕಡೆ, ಕೊನೆಯದು ನಾಲ್ಕನೆಯ ಅಧ್ಯಾಯದಲ್ಲಿ. ಮುಕ್ತನಾದವನಿಗೆ ಉಳಿಯುವುದು ಏನು ಎಂಬುದು ಅಲ್ಲಿಯ ಪ್ರಶ್ನೆ. ಬ್ರಹ್ಮದ ಗುಣಗಳೆಲ್ಲ ಅವನಲ್ಲಿ ತೋರುತ್ತವೆ ಎನ್ನುತ್ತಾನೆ ಜೈಮಿನಿ. ಅರಿವು ಮಾತ್ರ, ಬೇರೇನೂ ಇಲ್ಲ ಎನ್ನುತ್ತಾನೆ ಔಡುಲೋಮಿ. ಬಾದರಾಯಣ ಇಬ್ಬರ ಮಾತನ್ನೂ ಇಟ್ಟುಕೊಂಡು, ಇವುಗಳಲ್ಲಿ ವಿರೋಧವಿಲ್ಲ ಎಂದು ಹೇಳಿ ಮುಂದಿನ ಸೂತ್ರಕ್ಕೆ ಹೋಗುತ್ತಾನೆ.